ಚಿತ್ರಭಂಡಾರಿ ಆನ್ರಿ ಲಾಂಗ್ಲ್ವಾ

ಪ್ರಾಚೀನ ಕವಿಗಳ ಕಾವ್ಯಗಳು ಇಂದು ನಮಗೆ ಓದಲು ದೊರೆಯುತ್ತಿರುವುದಕ್ಕೆ ಅವುಗಳನ್ನು ರಚಿಸಿದ ಕವಿಗಳಷ್ಟೇ ಕಾರಣರಲ್ಲ. ತಾಳೆಯ ಗರಿಗಳ ಮೇಲೆ ಅವನ್ನು ಪ್ರತಿ ಮಾಡಿದ ಲಿಪಿಕಾರರು, ಗೆದ್ದಲು ಹಿಡಿಯದಂತೆ ಮಠಗಳಲ್ಲಿಯೂ ಮನೆಗಳಲ್ಲಿಯೂ ಕಾಪಾಡಿದ ಜನರು, ಅಟ್ಟದಿಂದ ಇಳಿಸಿ ತಂದು ಅಚ್ಚು ಹಾಕಿಸಿದ ವಿದ್ವಾಂಸರು ಇವರೆಲ್ಲರ ಶ್ರಮವೂ ಅದರ ಹಿಂದೆ ಇದೆ. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಬರಿಯ ಹೆಸರಾಗಿ ಉಳಿದಿದ್ದಿತು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಅದರ ಓಲೆಪ್ರತಿಯು ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಮೇಲೆ ಆ ಗ್ರಂಥಕ್ಕೆ ಮತ್ತೆ ಜೀವ ಬಂದಿತು. ಕೃತಿಯೊಂದು ಬಾಳಬೇಕಾದರೆ ಅದನ್ನು ಕಾಯುವವರೂ ಬೇಕು. ಕಾದಿಟ್ಟುದನ್ನು ಜನರ ಮುಂದೆ ತೆರೆದಿಡುವವರೂ ಬೇಕು.

ಚಲನಚಿತ್ರವು ತಾಳೆಯ ಗರಿಗಿಂತ ಅಲ್ಪಾಯುಷಿ. 1895ರ ಡಿಸೆಂಬರ್ 28ರಂದು ಲ್ಯೂಮಿಯೇರ್ ಸೋದರರು ಪ್ಯಾರಿಸ್ ನಗರದಲ್ಲಿ ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಚಲಿಸುವ ಚಿತ್ರಗಳನ್ನು ತೋರಿಸಿದರು. ಅಂದಿನಿಂದ 1950ರ ದಶಕದ ಆರಂಭದವರೆಗೆ ಹೆಚ್ಚಿನ ಚಿತ್ರಗಳು ಸೆಲ್ಯುಲೋಸ್ ನೈಟ್ರೇಟ್ ಎಂಬ ವಸ್ತುವಿನ ಸುರುಳಿಗಳ ಮೇಲೆ ಅಚ್ಚಾಗುತ್ತಿದ್ದವು. ಈ ವಸ್ತು ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಉರಿಯತೊಡಗಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ತಗುಲದಿದ್ದರೂ ಕಾಲಕ್ರಮದಲ್ಲಿ ಅಂಟಂಟಾಗಿ, ಕೊನೆಗೆ ಪುಡಿಪುಡಿಯಾಗುತ್ತದೆ. ಇದು ವಸ್ತುವಿನ ದೋಷ. ಮನುಷ್ಯರ ಅಲಕ್ಷ್ಯ ಇದಕ್ಕಿಂತ ದೊಡ್ಡದಾಗಿತ್ತು. ಒಮ್ಮೆ ತೋರಿಸಿ ಹಣ ಬಂದ ಮೇಲೆ ಹಳೆಯ ಚಿತ್ರದಿಂದ ಪ್ರಯೋಜನವಿಲ್ಲವೆಂದು ವ್ಯಾಪಾರಿಗಳು ಭಾವಿಸಿದರು. ಸುರುಳಿಗಳನ್ನು ತೂಕದ ಲೆಕ್ಕದಲ್ಲಿ ಮಾರಿದರು; ಅವುಗಳಲ್ಲಿದ್ದ ಅತ್ಯಲ್ಪ ಬೆಳ್ಳಿಗಾಗಿ ಕರಗಿಸಿದರು. 1927ರಲ್ಲಿ ಅಮೆರಿಕದಲ್ಲಿ 'ದಿ ಜಾಝ್ ಸಿಂಗರ್' ಬಿಡುಗಡೆಯಾಗಿ ವಾಕ್ಚಿತ್ರಗಳ ಯುಗವು ಆರಂಭವಾದ ಮೇಲಂತೂ ಮೂಕಿ ಚಿತ್ರಗಳನ್ನು ಕೇಳುವವರೇ ಇಲ್ಲದಾದರು. ಮೂವತ್ತು ವರ್ಷಗಳ ಒಂದು ಕಲೆಯ ಚರಿತ್ರೆಯೇ ಅಳಿಸಿಹೋಗುವ ಸ್ಥಿತಿ ಒದಗಿತು. ಆ ಸಮಯದಲ್ಲಿ ಅದನ್ನು ಉಳಿಸಲು ಮುಂದಾದ ಕೆಲವರಲ್ಲಿ ಫ್ರಾನ್ಸಿನ ಆನ್ರಿ ಲಾಂಗ್ಲ್ವಾ ಪ್ರಮುಖನು.

ಲಾಂಗ್ಲ್ವಾ 1914ರ ನವೆಂಬರ್ 13ರಂದು ಸ್ಮಿರ್ನಾ ನಗರದಲ್ಲಿ ಜನಿಸಿದನು. ಟರ್ಕಿಯ ಪಶ್ಚಿಮ ಕರಾವಳಿಯಲ್ಲಿರುವ ಆ ಬಂದರಿಗೆ ಇಂದು ಇಜ್ಮಿರ್ ಎಂಬ ಹೆಸರಿದೆ. ಅವನ ತಂದೆತಾಯಿಗಳು ಅಲ್ಲಿ ನೆಲೆಸಿದ್ದ ಫ್ರೆಂಚ್ ಪ್ರಜೆಗಳು. ಗ್ರೀಕರು, ತುರ್ಕರು, ಆರ್ಮೇನಿಯನ್ನರು, ಯೆಹೂದ್ಯರು, ಯೂರೋಪಿನ ನಾನಾ ದೇಶಗಳ ವರ್ತಕರು ಒಂದೇ ಊರಿನಲ್ಲಿ ಬಾಳುತ್ತಿದ್ದ ಕಾಲ ಅದು. 1922ರ ಸೆಪ್ಟೆಂಬರಿನಲ್ಲಿ, ಗ್ರೀಕರಿಗೂ ತುರ್ಕರಿಗೂ ನಡೆದ ಯುದ್ಧದ ಕೊನೆಯಲ್ಲಿ, ಆ ನಗರಕ್ಕೆ ಬೆಂಕಿ ಬಿದ್ದು ಅದರ ಬಹುಭಾಗವು ಸುಟ್ಟು ಬೂದಿಯಾಯಿತು. ಲಾಂಗ್ಲ್ವಾ ಕುಟುಂಬವು ತನ್ನ ಸ್ವತ್ತನ್ನು ಕಳೆದುಕೊಂಡು ಪ್ಯಾರಿಸ್ ನಗರವನ್ನು ಸೇರಿತು. ಆಗ ಬಾಲಕನಿಗೆ ಎಂಟು ವರ್ಷವೂ ತುಂಬಿರಲಿಲ್ಲ. ತಾನು ಹುಟ್ಟಿದ ಊರು ಮತ್ತೆ ಕಾಣದಂತೆ ಮರೆಯಾದ ಅನುಭವವು ಅಷ್ಟು ಚಿಕ್ಕ ವಯಸ್ಸಿನಲ್ಲಿಯೇ ಅವನ ಪಾಲಿಗೆ ಬಂದಿತು.

ಪ್ಯಾರಿಸಿನಲ್ಲಿ ಅವನಿಗೆ ಶಾಲೆಯ ಪಾಠಗಳಿಗಿಂತ ಚಿತ್ರಮಂದಿರಗಳೇ ಪ್ರಿಯವಾದವು. ಪ್ರೌಢಶಿಕ್ಷಣದ ಅಂತಿಮ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ಮಗನ ಭವಿಷ್ಯದ ಬಗ್ಗೆ ಚಿಂತಿತನಾದ ತಂದೆಯು ಅವನನ್ನು ಮುದ್ರಣಾಲಯವೊಂದರಲ್ಲಿ ಕೆಲಸಕ್ಕೆ ಸೇರಿಸಿದನು. ಅಲ್ಲಿಯೇ ಅವನಿಗೆ ಜಾರ್ಜ್ ಫ್ರಾಂಜು ಎಂಬ ಯುವಕನ ಸ್ನೇಹವಾಯಿತು. ಮುಂದೆ ಪ್ರಸಿದ್ಧ ನಿರ್ದೇಶಕನಾದ ಫ್ರಾಂಜುವಿಗೂ ಮೂಕಿ ಚಿತ್ರಗಳ ಮೇಲೆ ಅಷ್ಟೇ ಪ್ರೀತಿ. ಇಬ್ಬರೂ ಸೇರಿ 1935ರಲ್ಲಿ ಒಂದು ಚಿತ್ರಸಂಘವನ್ನು ಸ್ಥಾಪಿಸಿ, ಎಲ್ಲಿಯೂ ಕಾಣಸಿಗದ ಹಳೆಯ ಚಿತ್ರಗಳನ್ನು ಬಾಡಿಗೆಗೆ ತಂದು ತೋರಿಸತೊಡಗಿದರು. ಅಂದಿನ ಇತರ ಸಂಘಗಳಲ್ಲಿ ಪ್ರದರ್ಶನದ ನಂತರ ಚರ್ಚೆ ನಡೆಸುವ ವಾಡಿಕೆ ಇತ್ತು. ಇವರು ಅದನ್ನು ಕೈಬಿಟ್ಟರು. ಚಿತ್ರವನ್ನು ನೋಡುವುದೇ ಮುಖ್ಯವೆಂಬುದು ಅವರ ಮತವಾಗಿತ್ತು.

ತೋರಿಸಲು ಚಿತ್ರಗಳನ್ನು ಹುಡುಕುತ್ತ ಹೋದಂತೆ ಅವು ಎಷ್ಟು ವೇಗವಾಗಿ ನಾಶವಾಗುತ್ತಿವೆ ಎಂಬುದು ಇವರಿಗೆ ಮನದಟ್ಟಾಯಿತು. ಲಾಂಗ್ಲ್ವಾ ಕೈಗೆ ಸಿಕ್ಕ ಸುರುಳಿಗಳನ್ನು ಕೊಂಡುಕೊಂಡು ಮನೆಗೆ ತಂದನು. ಡಬ್ಬಿಗಳನ್ನು ಇಡಲು ಸ್ಥಳ ಸಾಲದೆ ಸ್ನಾನದ ತೊಟ್ಟಿಯೂ ಅವುಗಳಿಂದ ತುಂಬಿತು. 1936ರ ಸೆಪ್ಟೆಂಬರಿನಲ್ಲಿ ಅವನೂ ಫ್ರಾಂಜುವೂ ಚಿತ್ರ ಚರಿತ್ರಕಾರ ಜಾನ್ ಮಿತ್ರಿಯೊಡನೆ ಸೇರಿ 'ಸಿನಮಾತೆಕ್ ಫ್ರಾನ್ಸೇಸ್' ಎಂಬ ಚಿತ್ರಭಂಡಾರವನ್ನು ಆರಂಭಿಸಿದರು. ಚಲನಚಿತ್ರ ಪತ್ರಿಕೆಯೊಂದರ ಒಡೆಯನಾದ ಪೋಲ್ ಓಗ್ಯುಸ್ತ್ ಆರ್ಲೆ ಅದಕ್ಕೆ 10,000 ಫ್ರಾಂಕ್ ನೆರವು ನೀಡಿದನು. ಆಗ ಭಂಡಾರದಲ್ಲಿದ್ದುದು ಸುಮಾರು ಹತ್ತು ಚಿತ್ರಗಳು. ಲಾಂಗ್ಲ್ವಾನ ವಯಸ್ಸು ಇಪ್ಪತ್ತೆರಡನ್ನೂ ಮುಟ್ಟಿರಲಿಲ್ಲ.

ಈ ಭಂಡಾರದ ಮೊದಲ ಕಾವಲುಗಾರನ ಕಥೆ ಮನಮಿಡಿಯುವಂಥದು. ಜಾರ್ಜ್ ಮೆಲಿಯೆಸ್ ಚಲನಚಿತ್ರ ಕಲೆಯ ಆದಿಪುರುಷರಲ್ಲಿ ಒಬ್ಬನು. ಇಂದ್ರಜಾಲಿಕನಾಗಿದ್ದ ಆತ 1902ರಲ್ಲಿ ತಯಾರಿಸಿದ 'ಚಂದ್ರಯಾತ್ರೆ' ಜಗತ್ತನ್ನೇ ಬೆರಗುಗೊಳಿಸಿದ್ದಿತು. ಅವನು ಐನೂರಕ್ಕೂ ಹೆಚ್ಚು ಕಿರುಚಿತ್ರಗಳನ್ನು ನಿರ್ಮಿಸಿದನು. ಆದರೆ ಸಾಲದ ಹೊರೆಯಿಂದ ದಿವಾಳಿಯೆದ್ದು, 1923ರಲ್ಲಿ ಹತಾಶನಾಗಿ ತನ್ನ ಚಿತ್ರಗಳ ಮೂಲಪ್ರತಿಗಳಿಗೆ ತಾನೇ ಬೆಂಕಿಯಿಟ್ಟನು. ಅನಂತರ ಪ್ಯಾರಿಸಿನ ಮೊಂಪಾರ್ನಾಸ್ ರೈಲು ನಿಲ್ದಾಣದ ಪುಟ್ಟ ಅಂಗಡಿಯಲ್ಲಿ ಆಟಿಕೆಗಳನ್ನೂ ಮಿಠಾಯಿಯನ್ನೂ ಮಾರುತ್ತ ಕಾಲ ಕಳೆದನು. ಅವನ ಕೊನೆಯ ದಿನಗಳು ಓರ್ಲಿ ಎಂಬಲ್ಲಿ, ಚಿತ್ರೋದ್ಯಮದವರಿಗಾಗಿ ಇದ್ದ ವೃದ್ಧಾಶ್ರಮದಲ್ಲಿ ಸಂದವು. ಆ ಆಶ್ರಮದ ಆವರಣದಲ್ಲಿದ್ದ ಪಾಳು ಕಟ್ಟಡವೊಂದನ್ನು ಲಾಂಗ್ಲ್ವಾ ತನ್ನ ಡಬ್ಬಿಗಳಿಗಾಗಿ ಪಡೆದು, ಅದರ ಕೀಲಿಕೈಯನ್ನು ಮೆಲಿಯೆಸನಿಗೆ ಒಪ್ಪಿಸಿದನು. ತನ್ನ ಕೃತಿಗಳನ್ನು ತಾನೇ ಸುಟ್ಟ ಕಲಾವಿದನು ಇತರರ ಕೃತಿಗಳನ್ನು ಕಾಯುವವನಾದನು. 1938ರ ಜನವರಿಯಲ್ಲಿ ಮೆಲಿಯೆಸ್ ತೀರಿಕೊಂಡನು.

ಅದೇ ವರ್ಷ ಪ್ಯಾರಿಸ್, ಲಂಡನ್, ನ್ಯೂಯಾರ್ಕ್, ಬರ್ಲಿನ್ ನಗರಗಳ ಚಿತ್ರಭಂಡಾರಗಳು ಸೇರಿ ಒಂದು ಅಂತರರಾಷ್ಟ್ರೀಯ ಒಕ್ಕೂಟವನ್ನು ರಚಿಸಿಕೊಂಡವು. ಅದರ ಸ್ಥಾಪನೆಯಲ್ಲಿ ಲಾಂಗ್ಲ್ವಾನ ಪಾತ್ರ ಹಿರಿದು. ಒಂದು ದೇಶದಲ್ಲಿ ನಾಶವಾದ ಚಿತ್ರದ ಪ್ರತಿ ಇನ್ನೊಂದು ದೇಶದಲ್ಲಿ ಉಳಿದಿರಬಹುದು. ಆದುದರಿಂದ ಭಂಡಾರಗಳು ಪರಸ್ಪರ ಕೊಟ್ಟು ತೆಗೆದುಕೊಳ್ಳಬೇಕೆಂಬುದು ಇದರ ಉದ್ದೇಶವಾಗಿತ್ತು. ಆದರೆ ಮರುವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರಲ್ಲಿ ಜರ್ಮನ್ ಸೈನ್ಯವು ಪ್ಯಾರಿಸನ್ನು ಆಕ್ರಮಿಸಿತು. ನಾಟ್ಸಿಗಳನ್ನು ಟೀಕಿಸುವ ಚಿತ್ರಗಳು, ಯೆಹೂದ್ಯರ ಚಿತ್ರಗಳು, ಅಮೆರಿಕ ಮತ್ತು ರಷ್ಯಾದ ಚಿತ್ರಗಳು ಅವರ ಕೈಗೆ ಸಿಕ್ಕಿದರೆ ಉಳಿಯುವ ಭರವಸೆ ಇರಲಿಲ್ಲ. ಲಾಂಗ್ಲ್ವಾ ಮತ್ತು ಅವನ ಗೆಳೆಯರು ಡಬ್ಬಿಗಳನ್ನು ಗುಟ್ಟಾಗಿ ಸಾಗಿಸಿ, ಪರಿಚಿತರ ಮನೆಗಳಲ್ಲಿಯೂ ದೂರದ ಹಳ್ಳಿಗಾಡಿನ ಕೋಟೆಮನೆಗಳಲ್ಲಿಯೂ ಬಚ್ಚಿಟ್ಟರು.

ಈ ಕಾರ್ಯದಲ್ಲಿ ಲೋಟೆ ಐಸ್ನರ್ ಎಂಬ ವಿದುಷಿಯ ಹೆಸರನ್ನು ಮರೆಯಲಾಗದು. ಬರ್ಲಿನ್ನಿನಲ್ಲಿ ಚಿತ್ರವಿಮರ್ಶಕಿಯಾಗಿದ್ದ ಆಕೆ ಯೆಹೂದ್ಯಳು. 1933ರಲ್ಲಿ ಹಿಟ್ಲರನ ಆಡಳಿತ ಬಂದೊಡನೆ ಪ್ಯಾರಿಸಿಗೆ ಓಡಿಬಂದು, ಲಾಂಗ್ಲ್ವಾನಿಗೆ ನೆರವಾದಳು. ಯುದ್ಧಕಾಲದಲ್ಲಿ ಗುರ್ಸ್ ಎಂಬಲ್ಲಿನ ಬಂಧನಶಿಬಿರವನ್ನು ಕಂಡು, ಅಲ್ಲಿಂದ ತಪ್ಪಿಸಿಕೊಂಡು, ಸುಳ್ಳು ಹೆಸರಿನಲ್ಲಿ ಬದುಕಿದಳು. ತನ್ನ ಜೀವಕ್ಕೇ ಅಪಾಯವಿದ್ದರೂ ದಕ್ಷಿಣ ಫ್ರಾನ್ಸಿನ ಫಿಜಾಕ್ ಪಟ್ಟಣದ ಸಮೀಪದ ಕೋಟೆಮನೆಯೊಂದರಲ್ಲಿ ಅಡಗಿಸಿಟ್ಟಿದ್ದ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಪಟ್ಟಿ ಮಾಡಿದಳು. ಯುದ್ಧ ಮುಗಿದ ಮೇಲೆ ಮೂರು ದಶಕಗಳ ಕಾಲ ಆಕೆ ಸಿನಮಾತೆಕ್‌ನಲ್ಲಿ ಕೆಲಸ ಮಾಡಿದಳು.

1948ರಲ್ಲಿ ಸಿನಮಾತೆಕ್‌ಗೆ ಪ್ಯಾರಿಸಿನ ಮೆಸಿನ್ ಬೀದಿಯಲ್ಲಿ ಒಂದು ಸಣ್ಣ ಪ್ರದರ್ಶನಮಂದಿರ ದೊರೆಯಿತು. ಅದರಲ್ಲಿ ಅರವತ್ತು ಮಂದಿಗೆ ಕೂಡುವಷ್ಟು ಜಾಗವೂ ಕಷ್ಟದಿಂದ ಇದ್ದಿತು. 1955ರಲ್ಲಿ ಅದಕ್ಕಿಂತ ದೊಡ್ಡ ಮಂದಿರವೊಂದು ಉಲ್ಮ್ ಬೀದಿಯಲ್ಲಿ ಸಿದ್ಧವಾಯಿತು. ಸಂಜೆಯಿಂದ ರಾತ್ರಿಯವರೆಗೆ ಒಂದಾದ ಮೇಲೊಂದರಂತೆ ಚಿತ್ರಗಳು ನಡೆಯುತ್ತಿದ್ದವು. ಮೂಕಿ ಚಿತ್ರದ ನಂತರ ಹಾಲಿವುಡ್ಡಿನ ಸಾಹಸ ಚಿತ್ರ, ಅದರ ನಂತರ ಜಪಾನಿನ ಚಿತ್ರ, ಮತ್ತೊಂದು ದಿನ ಸಾಕ್ಷ್ಯಚಿತ್ರ. ಹೀಗೆ ದೇಶ, ಕಾಲ, ಪ್ರಕಾರಗಳ ಭೇದವಿಲ್ಲದೆ ಅವನು ಚಿತ್ರಗಳನ್ನು ಜೋಡಿಸುತ್ತಿದ್ದನು. ಯಾವುದು ಶ್ರೇಷ್ಠ, ಯಾವುದು ಕ್ಷುದ್ರ ಎಂದು ಭಂಡಾರಿಯು ಇಂದೇ ತೀರ್ಮಾನಿಸಬಾರದು; ಇಂದು ತುಚ್ಛವೆನಿಸಿದುದು ನಾಳೆ ಅಮೂಲ್ಯವೆನಿಸಬಹುದು ಎಂಬುದು ಅವನ ನಂಬಿಕೆ. ಆದುದರಿಂದ ಸಿಕ್ಕಿದ್ದನ್ನೆಲ್ಲ ಅವನು ಸಂಗ್ರಹಿಸಿದನು. ಕೆಲವು ವಿದೇಶಿ ಚಿತ್ರಗಳಿಗೆ ಫ್ರೆಂಚ್ ಉಪಶೀರ್ಷಿಕೆಗಳೂ ಇರುತ್ತಿರಲಿಲ್ಲ. ಭಾಷೆ ತಿಳಿಯದ ಪ್ರೇಕ್ಷಕರು ಬೆಳಕು, ನೆರಳು, ಮುಖಭಾವ, ಚಲನೆಗಳಿಂದಲೇ ಕಥೆಯನ್ನು ಗ್ರಹಿಸಲು ಕಲಿತರು.

ಮುಂಭಾಗದ ಸಾಲುಗಳಲ್ಲಿ ದಿನವೂ ಬಂದು ಕೂಡುತ್ತಿದ್ದ ಕೆಲವು ತರುಣರಿದ್ದರು. ಫ್ರಾನ್ಸ್ವಾ ತ್ರೂಫೊ, ಜಾನ್ ಲುಕ್ ಗೊದಾರ್, ಜಾಕ್ ರಿವೆತ್, ಎರಿಕ್ ರೋಮೆರ್, ಕ್ಲೋಡ್ ಶಬ್ರೋಲ್ ಎಂಬುವು ಅವರ ಹೆಸರುಗಳು. ಚಿತ್ರ ತಯಾರಿಕೆಯ ಶಾಲೆಯಲ್ಲಿ ಅವರು ಕಲಿತವರಲ್ಲ. ಲಾಂಗ್ಲ್ವಾನ ಮಂದಿರವೇ ಅವರ ವಿದ್ಯಾಲಯವಾಯಿತು. ಗತಕಾಲದ ನಿರ್ದೇಶಕರೇ ಗುರುಗಳಾದರು. 1950ರ ದಶಕದ ಕೊನೆಯಲ್ಲಿ ಇವರು ತಮ್ಮ ಮೊದಲ ಚಿತ್ರಗಳನ್ನು ತಯಾರಿಸಿದಾಗ ಜಗತ್ತಿನ ಚಲನಚಿತ್ರ ಕಲೆಯಲ್ಲಿ 'ಹೊಸ ಅಲೆ' ಎದ್ದಿತು. ಹಳೆಯದನ್ನು ಕಾಪಾಡಿದವನ ಮನೆಯಲ್ಲಿಯೇ ಹೊಸತು ಹುಟ್ಟಿತು.

ಮರೆತುಹೋಗಿದ್ದ ಕಲಾವಿದರಿಗೂ ಅವನಿಂದ ಮರುಜೀವ ಬಂದಿತು. ಮೂಕಿಯುಗದ ನಟಿ ಲೂಯಿಸ್ ಬ್ರೂಕ್ಸ್ ಅಮೆರಿಕದಲ್ಲಿ ಹೆಸರಿಲ್ಲದವಳಾಗಿ ಬದುಕುತ್ತಿದ್ದಳು. ಲಾಂಗ್ಲ್ವಾ 1955ರ ಪ್ರದರ್ಶನವೊಂದರಲ್ಲಿ ಆಕೆಯ ಬೃಹತ್ ಭಾವಚಿತ್ರವನ್ನು ಬಾಗಿಲಲ್ಲಿ ನಿಲ್ಲಿಸಿದನು. 1958ರಲ್ಲಿ ಆಕೆಯನ್ನು ಪ್ಯಾರಿಸಿಗೆ ಕರೆಸಿ ಸನ್ಮಾನಿಸಿದನು. ಹಾಸ್ಯನಟ ಬಸ್ಟರ್ ಕೀಟನ್‌ನ ಹಳೆಯ ಚಿತ್ರಗಳನ್ನು 1962ರಲ್ಲಿ ಆತನ ಸಮ್ಮುಖದಲ್ಲಿಯೇ ತೋರಿಸಿದನು.

ಆದರೆ ಲಾಂಗ್ಲ್ವಾನ ಮಾರ್ಗವನ್ನು ಎಲ್ಲರೂ ಒಪ್ಪಲಿಲ್ಲ. ಲಂಡನ್ನಿನ ರಾಷ್ಟ್ರೀಯ ಚಿತ್ರಭಂಡಾರದ ಮುಖ್ಯಸ್ಥನಾದ ಅರ್ನೆಸ್ಟ್ ಲಿಂಡ್‌ಗ್ರೆನ್ ಇದಕ್ಕೆ ತೀರ ಭಿನ್ನವಾದ ನೀತಿಯನ್ನು ಅನುಸರಿಸಿದನು. ಪ್ರತಿಯೊಂದು ಪ್ರದರ್ಶನದಲ್ಲಿಯೂ ಪ್ರೊಜೆಕ್ಟರಿನ ಹಲ್ಲುಗಳಿಗೆ ಸಿಕ್ಕಿ ಸುರುಳಿ ಸವೆಯುತ್ತದೆ. ಆದುದರಿಂದ ಮೂಲಪ್ರತಿಯನ್ನು ತೋರಿಸದೆ, ಸರಿಯಾದ ತಂಪಿನಲ್ಲಿಟ್ಟು, ಪಟ್ಟಿ ಮಾಡಿ, ಹೊಸ ಪ್ರತಿ ತೆಗೆದ ಮೇಲೆಯೇ ಪ್ರದರ್ಶನದ ಮಾತು ಎಂಬುದು ಅವನ ನಿಲುವು. ಲಾಂಗ್ಲ್ವಾನಾದರೋ, ಯಾರೂ ನೋಡದ ಚಿತ್ರ ಡಬ್ಬಿಯಲ್ಲಿಯೇ ಸಾಯುತ್ತದೆ ಎಂದು ಭಾವಿಸಿದನು. ಇಬ್ಬರ ವಾದದಲ್ಲಿಯೂ ಸತ್ಯವಿತ್ತು. ಲಾಂಗ್ಲ್ವಾನ ಭಂಡಾರದಲ್ಲಿ ಸರಿಯಾದ ಪಟ್ಟಿ ಇರಲಿಲ್ಲ. ಯಾವ ಡಬ್ಬಿ ಎಲ್ಲಿದೆ ಎಂಬುದು ಬಹುಮಟ್ಟಿಗೆ ಅವನ ನೆನಪಿನಲ್ಲಿ ಮಾತ್ರ ಇತ್ತು. 1959ರ ಜುಲೈ ತಿಂಗಳಲ್ಲಿ ಸಿನಮಾತೆಕ್‌ನ ಒಂದು ದಾಸ್ತಾನಿಗೆ ಬೆಂಕಿ ಬಿದ್ದು ಅನೇಕ ಚಿತ್ರಗಳು ನಾಶವಾದವು. ಎರಿಕ್ ಫಾನ್ ಸ್ಟ್ರೋಹೈಮ್ ನಿರ್ದೇಶಿಸಿದ 'ದಿ ಹನಿಮೂನ್' ಚಿತ್ರದ ಕೊನೆಯ ಪ್ರತಿಯು ಆ ಬೆಂಕಿಗೆ ಆಹುತಿಯಾಯಿತೆಂದು ಹೇಳುತ್ತಾರೆ. ಅದನ್ನು ಇನ್ನು ಯಾರೂ ನೋಡಲಾರರು. ಅನಂತರದ ವರ್ಷಗಳಲ್ಲಿ ತಾನೇ ಕಟ್ಟಿದ ಅಂತರರಾಷ್ಟ್ರೀಯ ಒಕ್ಕೂಟದಿಂದಲೂ ಲಾಂಗ್ಲ್ವಾ ದೂರವಾದನು.

1963ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋನ ಬೆಂಬಲದಿಂದ ಸಿನಮಾತೆಕ್‌ಗೆ ಶಾಯೊ ಅರಮನೆಯಲ್ಲಿ ಭವ್ಯವಾದ ಮಂದಿರ ದೊರೆಯಿತು. ಸರ್ಕಾರದ ಹಣ ಬಂದಂತೆ ಸರ್ಕಾರದ ಪ್ರಶ್ನೆಗಳೂ ಬಂದವು. ಲೆಕ್ಕಪತ್ರಗಳು ಕ್ರಮವಾಗಿಲ್ಲ, ಚಿತ್ರಗಳ ರಕ್ಷಣೆ ಸಾಲದು ಎಂಬ ಆಕ್ಷೇಪಗಳು ಎದ್ದವು. 1968ರ ಫೆಬ್ರವರಿ 9ರಂದು ಆಡಳಿತ ಮಂಡಳಿಯು ಲಾಂಗ್ಲ್ವಾನನ್ನು ತೆಗೆದುಹಾಕಿ ಅವನ ಸ್ಥಾನಕ್ಕೆ ಬೇರೊಬ್ಬನನ್ನು ನೇಮಿಸಿತು. ಆಗ ಸರ್ಕಾರವು ಎಣಿಸದಿದ್ದ ಪ್ರತಿಭಟನೆ ಭುಗಿಲೆದ್ದಿತು. ಚಾರ್ಲಿ ಚಾಪ್ಲಿನ್, ಆರ್ಸನ್ ವೆಲ್ಸ್, ರೊಬೆರ್ತೊ ರೊಸೆಲಿನಿ, ಕಾರ್ಲ್ ಡ್ರೆಯರ್ ಮೊದಲಾದ ನಿರ್ದೇಶಕರು ಲಾಂಗ್ಲ್ವಾನಿಲ್ಲದ ಸಿನಮಾತೆಕ್‌ನಲ್ಲಿ ತಮ್ಮ ಚಿತ್ರಗಳನ್ನು ತೋರಿಸಕೂಡದೆಂದು ತಿಳಿಸಿದರು. ಫೆಬ್ರವರಿ 14ರಂದು ಸಾವಿರಾರು ಜನರು ಶಾಯೊ ಅರಮನೆಯ ಬಳಿ ನೆರೆದರು. ಪೊಲೀಸರು ಲಾಠಿ ಬೀಸಿದರು. ತ್ರೂಫೊ ಮತ್ತು ಗೊದಾರ್ ಪೆಟ್ಟು ತಿಂದವರಲ್ಲಿ ಸೇರಿದ್ದರು. ತ್ರೂಫೊ ಆಗ ತಯಾರಿಸುತ್ತಿದ್ದ 'ಕದ್ದ ಮುತ್ತುಗಳು' ಎಂಬ ಚಿತ್ರವನ್ನು ಲಾಂಗ್ಲ್ವಾನಿಗೆ ಅರ್ಪಿಸಿದನು. ಆ ಚಿತ್ರವು ಸಿನಮಾತೆಕ್‌ನ ಮುಚ್ಚಿದ ಬಾಗಿಲಿನ ದೃಶ್ಯದಿಂದ ಪ್ರಾರಂಭವಾಗುತ್ತದೆ. ಏಪ್ರಿಲ್ 22ರಂದು ಲಾಂಗ್ಲ್ವಾ ಮತ್ತೆ ತನ್ನ ಸ್ಥಾನವನ್ನು ಪಡೆದನು.

ಗೆಲುವಿನೊಡನೆ ಬಡತನವೂ ಬಂದಿತು. ಸರ್ಕಾರವು ತನ್ನ ಸಹಾಯಧನವನ್ನು ಕಡಿತಗೊಳಿಸಿತು. ಲಾಂಗ್ಲ್ವಾ ಕೆನಡದ ಮಾಂಟ್ರಿಯಲ್ ನಗರಕ್ಕೆ ಹೋಗಿ ಚಲನಚಿತ್ರ ಚರಿತ್ರೆಯ ಪಾಠ ಹೇಳಿ ಹಣ ಸಂಪಾದಿಸಿ ತಂದನು. ಇಂಥ ಕಷ್ಟದ ನಡುವೆಯೂ 1972ರಲ್ಲಿ ಶಾಯೊ ಅರಮನೆಯಲ್ಲಿ ಚಲನಚಿತ್ರ ವಸ್ತುಸಂಗ್ರಹಾಲಯವನ್ನು ತೆರೆದನು. ಹಳೆಯ ಕ್ಯಾಮರಾಗಳು, ವೇಷಭೂಷಣಗಳು, ಭಿತ್ತಿಪತ್ರಗಳು, ರಂಗಸಜ್ಜಿಕೆಯ ನಕ್ಷೆಗಳು ಅಲ್ಲಿ ಕಣ್ಸೆಳೆಯುತ್ತಿದ್ದವು. 1974ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿ ಅವನಿಗೆ ಗೌರವ ಆಸ್ಕರ್ ಪ್ರಶಸ್ತಿ ನೀಡಿತು. ಒಂದೇ ಒಂದು ಚಿತ್ರವನ್ನು ನಿರ್ದೇಶಿಸಿ ಅವನು ಆ ಗೌರವವನ್ನು ಪಡೆದುದಲ್ಲ. ಇತರರ ಚಿತ್ರಗಳನ್ನು ಉಳಿಸಿದುದಕ್ಕಾಗಿ ಪಡೆದನು. 1977ರ ಜನವರಿ 13ರಂದು, ಅರವತ್ತೆರಡನೆಯ ವಯಸ್ಸಿನಲ್ಲಿ, ಲಾಂಗ್ಲ್ವಾ ಪ್ಯಾರಿಸಿನಲ್ಲಿ ನಿಧನನಾದನು. ಹತ್ತು ಚಿತ್ರಗಳಿಂದ ಮೊದಲಾದ ಭಂಡಾರವು ಅಷ್ಟು ಹೊತ್ತಿಗೆ ಹತ್ತಾರು ಸಾವಿರ ಚಿತ್ರಗಳಿಗೆ ಬೆಳೆದಿದ್ದಿತು.

ಅವನು ಕೂಡಿಟ್ಟ ಸುರುಳಿಗಳ ಬೆಲೆ ಅವನ ನಂತರ ಇನ್ನಷ್ಟು ಸ್ಪಷ್ಟವಾಯಿತು. ಹಳೆಯ ಚಿತ್ರವನ್ನು ಪುನರುದ್ಧರಿಸುವವರು ಬೇರೆ ಬೇರೆ ಭಂಡಾರಗಳಲ್ಲಿ ಉಳಿದ ತುಣುಕುಗಳನ್ನು ಹೋಲಿಸಿ ನೋಡುತ್ತಾರೆ. ಹರಿದುದನ್ನು ಜೋಡಿಸಿ, ಕಲೆ ಗೀರುಗಳನ್ನು ತೊಡೆದು, ನಿರ್ದೇಶಕನ ಮೂಲ ಕ್ರಮವನ್ನು ಹುಡುಕುತ್ತಾರೆ. ಹಲವು ಓಲೆಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕರ ಕೆಲಸದಂತೆಯೇ ಇದು. ಆಬೆಲ್ ಗಾನ್ಸ್ 1927ರಲ್ಲಿ ತಯಾರಿಸಿದ 'ನೆಪೋಲಿಯನ್' ಎಂಬ ಮೂಕಿ ಮಹಾಚಿತ್ರವು ಕತ್ತರಿಸಿ ಚೆಲ್ಲಾಪಿಲ್ಲಿಯಾಗಿದ್ದಿತು. ಲಾಂಗ್ಲ್ವಾನ ಕಾಲದಲ್ಲಿಯೇ ಮರಿ ಎಪ್ಸ್ಟೈನ್ ಎಂಬಾಕೆ ಸಿನಮಾತೆಕ್‌ನಲ್ಲಿ ಅದರ ಜೋಡಣೆಗೆ ಶ್ರಮಿಸಿದಳು. ಹಲವರು ಹಲವು ಕಾಲ ದುಡಿದ ಮೇಲೆ, 2024ರಲ್ಲಿ ಸುಮಾರು ಏಳು ಗಂಟೆಗಳ ದೀರ್ಘ ರೂಪದಲ್ಲಿ ಸಿನಮಾತೆಕ್ ಅದನ್ನು ಮತ್ತೆ ಪ್ರೇಕ್ಷಕರ ಮುಂದಿಟ್ಟಿತು.

ಭಾರತದಲ್ಲಿಯೂ ಈ ಎಚ್ಚರ ಮೂಡಿತು, ಆದರೆ ತಡವಾಗಿ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರತಿ ಇಂದು ಉಳಿದಿಲ್ಲ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರವು ಸ್ಥಾಪಿತವಾಗಿ, ಪಿ. ಕೆ. ನಾಯರ್ ಅವರ ಪರಿಶ್ರಮದಿಂದ ಬೆಳೆಯಿತು. ಅಲ್ಲಿನ ಚಿತ್ರಗಳು ಪೆಟ್ಟಿಗೆಯಲ್ಲಿಯೇ ಉಳಿಯಲಿಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜವನ್ನು ಕಟ್ಟಿದರು. ಪುಣೆಯಿಂದ ಬಂದ 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', 'ರಾಶೊಮನ್'ನಂತಹ ಚಿತ್ರಗಳನ್ನು ಅಡಿಕೆ ತೋಟಗಳ ನಡುವಿನ ಹಳ್ಳಿಯ ಜನರು ನೋಡಿದರು. ಬಂಗಾಳದ ಬಡಕುಟುಂಬವೂ ರೋಮ್ ನಗರದ ಕೂಲಿಗಾರನೂ ಜಪಾನಿನ ಕಟ್ಟಿಗೆ ಕಡಿಯುವವನೂ ಅವರಿಗೆ ಪರಿಚಿತರಾದರು.

ಲಾಂಗ್ಲ್ವಾ ಕಟ್ಟಿದ ಸಿನಮಾತೆಕ್ 2005ರಲ್ಲಿ ಪ್ಯಾರಿಸಿನ ಬೆರ್ಸಿ ಬಡಾವಣೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಅವನ ಕಾಲದಲ್ಲಿಲ್ಲದ ಕ್ರಮಬದ್ಧವಾದ ಪಟ್ಟಿಗಳಿವೆ. ಲಿಂಡ್‌ಗ್ರೆನ್ ಬಯಸಿದ ಎಚ್ಚರಿಕೆಯನ್ನೂ ಲಾಂಗ್ಲ್ವಾ ಬಯಸಿದ ಔದಾರ್ಯವನ್ನೂ ಚಿತ್ರಭಂಡಾರಗಳು ಇಂದು ಒಟ್ಟಿಗೆ ಪಾಲಿಸಲು ಯತ್ನಿಸುತ್ತಿವೆ. ಸ್ನಾನದ ತೊಟ್ಟಿಯಲ್ಲಿ ಡಬ್ಬಿಗಳನ್ನು ತುಂಬಿದ ಆ ತರುಣನು ಅಂದು ಅವನ್ನು ಕೊಳ್ಳದೆ ಹೋಗಿದ್ದರೆ, ಎಚ್ಚರಿಕೆಯಿಂದ ಕಾಯಲು ಎಷ್ಟೋ ಚಿತ್ರಗಳು ಉಳಿದೇ ಇರುತ್ತಿರಲಿಲ್ಲ.